ಜನವರಿಗೆ ಉದ್ದ, ಆಗಸ್ಟ್‌ಗೆ ಗಿಡ್ಡ ಆಗುವ ಹಾಸಿಗೆ

ತೊಗರಿ ಬೆಳೆಯುವ ಮನೆಗೆ ಬೇಳೆ ಉದ್ರಿ ಬರುತ್ತದೆ. ಹೊರಗಿನವರಿಗೆ ಇದು ಒಗಟಿನಂತೆ ಕೇಳಿಸಬಹುದು. ಕಲಬುರಗಿ ಜಿಲ್ಲೆಯ ಆಳಂದ, ಸೇಡಂ, ಜೇವರ್ಗಿ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಜನವರಿಯಲ್ಲಿ ರಾಶಿ ಮಾಡಿ, ಟ್ರ್ಯಾಕ್ಟರಿಗೆ ಹೇರಿ, ಕಲಬುರಗಿಯ ಸಗಟು ಮಾರುಕಟ್ಟೆ ನೆಹರೂ ಗಂಜಿಗೆ ತಂದು, ಅಡತ್ (ದಲ್ಲಾಳಿ) ಅಂಗಡಿಯಲ್ಲಿ ತೂಗಿಸಿ, ಹಳೇ ಬಾಕಿ ಮುರಿದುಕೊಂಡು ಉಳಿದದ್ದನ್ನು ಕಿಸೆಗೆ ಹಾಕಿಕೊಂಡು ಹೋದ ಅದೇ ರೈತ ಆಗಸ್ಟ್‌ನಲ್ಲಿ ಊರಿನ ಕಿರಾಣಿ ಅಂಗಡಿ ಮುಂದೆ ನಿಂತು, "ಎರಡ್ ಕಿಲೋ ಬ್ಯಾಳಿ ಕೊಡ್ರಿ ಸಾವುಕಾರ, ಖಾತೆಕ್ಕ ಬರ್ಕೋರಿ" ಅನ್ನುತ್ತಾನೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕಿತು. ಉದ್ರಿ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕಡೆಯ ತೊಂದರೆ ಏನೆಂದರೆ ಹಾಸಿಗೆಯ ಅಳತೆಯೇ ತಿಂಗಳಿಗೊಂದು. ಜನವರಿಯಲ್ಲಿ ಅದು ಅಂಗಳದ ತುದಿಯವರೆಗೂ ಹಾಸುತ್ತದೆ, ಆಗಸ್ಟ್‌ನಲ್ಲಿ ಮೊಣಕಾಲಿಗೂ ಬರುವುದಿಲ್ಲ. ಮೊಬೈಲಿನಲ್ಲಿ ಹರಿದಾಡುವ ಹಣಕಾಸಿನ ಬುದ್ಧಿಮಾತುಗಳೆಲ್ಲ ಒಂದನೇ ತಾರೀಖಿಗೆ ಪಗಾರ ಬರುವವರಿಗಾಗಿ ಹುಟ್ಟಿದವು. ಆದಾಯದಲ್ಲಿ 50 ಭಾಗ ಅಗತ್ಯಕ್ಕೆ, 30 ಆಸೆಗೆ, 20 ಉಳಿತಾಯಕ್ಕೆ ಎಂಬ ಸೂತ್ರ ಹಿಡಿದು ನಮ್ಮೂರಿನಲ್ಲಿ ಕೂತರೆ ಮೊದಲ ಪ್ರಶ್ನೆಗೇ ಸಿಕ್ಕಿ ಬೀಳುತ್ತೀರಿ: ಯಾವ ತಿಂಗಳ ಆದಾಯದಲ್ಲಿ?

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. 5 ಎಕರೆ ಮಳೆಯಾಶ್ರಿತ ಹೊಲ, ಎಕರೆಗೆ 4 ಕ್ವಿಂಟಲ್, ಒಟ್ಟು 20 ಕ್ವಿಂಟಲ್ ತೊಗರಿ. 2025–26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಗಂಜಿನ ದರ ಅದಕ್ಕಿಂತ ಕೆಳಗಿದ್ದು 7,500ಕ್ಕೆ ಹೋಯಿತು ಅನ್ನಿ. ಒಂದೂವರೆ ಲಕ್ಷ ಬಂತು. ಬೀಜ, ಗೊಬ್ಬರ, ಹುಳಕ್ಕೆ ಎಣ್ಣೆ ಹೊಡೆಸಿದ್ದು, ಕಳೆ ತೆಗೆಸಿದ್ದು, ರಾಶಿ ಮಷೀನಿನ ಬಾಡಿಗೆ ಎಲ್ಲ ಸೇರಿ 60 ಸಾವಿರ ಹೋದರೆ ಉಳಿದದ್ದು 90 ಸಾವಿರ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 7,500. ಈ 7,500 ಎಂಬ ಸಂಖ್ಯೆಯನ್ನು ಯಾರೂ ಕಣ್ಣಿಂದ ನೋಡುವುದಿಲ್ಲ. ಕಣ್ಣಿಗೆ ಬೀಳುವುದು 90 ಸಾವಿರ.

ಪಗಾರದವನಿಗೆ ತನ್ನ ತಿಂಗಳ ಮಿತಿ ತಾನಾಗಿಯೇ ಗೊತ್ತಿರುತ್ತದೆ, ಬ್ಯಾಂಕೇ ಹೇಳುತ್ತದೆ. ರೈತ ಅದನ್ನು ಭಾಗಾಕಾರ ಮಾಡಿ ಕಂಡುಕೊಳ್ಳಬೇಕು. 90 ಸಾವಿರದ ಎದುರಿಗೆ 25 ಸಾವಿರದ ಖರ್ಚು ಹಗುರವಾಗಿ ಕಾಣಿಸುತ್ತದೆ. 7,500ರ ಎದುರಿಗೆ ಇಟ್ಟರೆ ಅದು ಮೂರು ತಿಂಗಳಿಗೂ ಮೇಲಿನ ಸಂಸಾರ. ಹೀಗಾಗಿ ದೊಡ್ಡ ಸಾಮಾನು ಕೊಳ್ಳುವಾಗ ಬೆಲೆಯನ್ನು ರೂಪಾಯಿಯಲ್ಲಿ ಕೇಳುವುದಕ್ಕಿಂತ ತಿಂಗಳಲ್ಲಿ ಕೇಳಿಕೊಳ್ಳುವುದು ಲೇಸು. ಈ ಬೈಕಿನ ಮುಂಗಡ ಎಷ್ಟು ತಿಂಗಳ ಜೋಳ, ಎಣ್ಣೆ, ಸಾಲಿ (ಶಾಲೆ) ಫೀಸು?

ವ್ಯಾಪಾರಿಗಳಿಗೆ ನಮ್ಮ ಈ ಪಂಚಾಂಗ ನಮಗಿಂತ ಚೆನ್ನಾಗಿ ಗೊತ್ತು. ರಾಶಿ ಮುಗಿದು ಗಂಜಿನಲ್ಲಿ ಚೀಲ ಬೀಳತೊಡಗಿದ ಹೊತ್ತಿಗೇ ಬೈಕ್, ಟಿವಿ, ಮೊಬೈಲ್ ಅಂಗಡಿಗಳ ಬ್ಯಾನರ್ ಎದ್ದು ನಿಲ್ಲುತ್ತವೆ. ಅದರ ಬೆನ್ನಿಗೇ ಶರಣಬಸವೇಶ್ವರ ಜಾತ್ರೆ, ಮದುವೆ ಸೀಜನ್. ಈಗ ಇನ್ನೊಂದು ಕಾರಣವೂ ಸೇರಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಕಡಿತವಾಗಿ 350 ಸಿಸಿವರೆಗಿನ ಬೈಕು, ಎಸಿ, ದೊಡ್ಡ ಟಿವಿಗಳ ತೆರಿಗೆ 28ರಿಂದ 18ಕ್ಕೆ ಇಳಿಯಿತು. ಸೋಪು, ಟೂತ್‌ಪೇಸ್ಟ್, ತಲೆಗೆಣ್ಣೆಯ ತೆರಿಗೆ 18ರಿಂದ 5ಕ್ಕೆ ಬಂತು. ಎರಡನೆಯದು ಬೇಡವೆಂದರೂ ಕೊಳ್ಳಲೇಬೇಕಾದ ಸಾಮಾನು, ಅಲ್ಲಿ ಉಳಿದದ್ದು ನಿಜವಾಗಿ ಉಳಿಯಿತು. ಮೊದಲನೆಯದರಲ್ಲಿ ಮಾತ್ರ "ಅಗ್ಗ ಆಗ್ಯಾದ, ತಗೊಂಡ್ಬಿಡ್ರಿ" ಎಂಬ ಮಾತು ಬೇಕಿಲ್ಲದವನ ಕೈಯಲ್ಲೂ ಕೀಲಿಕೈ ಇಡುತ್ತದೆ.

"ಝೀರೋ ಬಡ್ಡಿ" ಎಂಬ ಬ್ಯಾನರಿನ ಮುಂದೆ ಒಂದು ಗಳಿಗೆ ನಿಲ್ಲಬೇಕು. ಶೇಕಡಾ ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದು ತಿಳಿಸಿತ್ತು. ಬಡ್ಡಿ ಎಲ್ಲೋ ಒಂದು ಕಡೆ ಅಡಗಿರುತ್ತದೆ: ಪ್ರೊಸೆಸಿಂಗ್ ಫೀಯಲ್ಲಿ, ಇಲ್ಲವೇ ನಗದು ಕೊಟ್ಟಿದ್ದರೆ ಸಿಗುತ್ತಿದ್ದ ರಿಯಾಯಿತಿಯಲ್ಲಿ. ಉದಾಹರಣೆಗೆ, 18 ಸಾವಿರದ ಫೋನು, ತಿಂಗಳಿಗೆ 2 ಸಾವಿರದಂತೆ 9 ಕಂತು. ನಗದು ಇಟ್ಟರೆ ಅದೇ ಫೋನು 16,500ಕ್ಕೆ ಬರುತ್ತದೆ, ಕಂತಿಗೆ ಹೋದರೆ ಮೇಲೆ 500 ರೂಪಾಯಿ ಫೀ. ಕೂಡಿ ಕಳೆದು ನೋಡಿದರೆ ವರ್ಷಕ್ಕೆ ಶೇಕಡಾ 29ರ ಹತ್ತಿರದ ಬಡ್ಡಿ. ನಮ್ಮ ಊರ ಭಾಷೆಯಲ್ಲಿ ಹೇಳುವುದಾದರೆ ಎರಡೂವರೆ ರೂಪಾಯಿ ಬಡ್ಡಿಯ, ಅಂದರೆ ತಿಂಗಳಿಗೆ ನೂರಕ್ಕೆ ಎರಡೂವರೆಯ ಆಸುಪಾಸು. ಊರ ಸಾವುಕಾರ ಎರಡೂವರೆ ಅಂದರೆ ಬೈದುಕೊಂಡು ಎದ್ದು ಬರುವವರು ಎಸಿ ಹಾಕಿದ ಅಂಗಡಿಯಲ್ಲಿ ಖುಷಿಯಿಂದ ಸಹಿ ಮಾಡುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: "ರೊಕ್ಕ ಈಗೇ ಕೊಟ್ರ ಎಷ್ಟಕ್ಕ ಕೊಡ್ತೀರಿ?"

ಇನ್ನು ಬೇಳೆಯ ಒಗಟು. ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಸುಮಾರು 70 ಕಿಲೋ ಬೇಳೆ ಬರುತ್ತದೆ, ಉಳಿದದ್ದು ನುಚ್ಚು, ಹೊಟ್ಟು. 7,500ಕ್ಕೆ ಮಾರಬಹುದಾಗಿದ್ದ ತೊಗರಿಯನ್ನು ಮನೆಗೆ ಇಟ್ಟುಕೊಂಡರೆ ಬೇಳೆ ಕಿಲೋಗೆ 107 ರೂಪಾಯಿ ಬಿದ್ದ ಹಾಗೆ, ಮೇಲೆ ಗಿರಣಿ ಕೂಲಿ. ಅಂಗಡಿಯ ಒಳ್ಳೆಯ ಬೇಳೆಗೆ ಹೋಲಿಸಿದರೆ ಉಳಿತಾಯ ಇದೆ, ಆದರೆ ಭಾರಿ ಏನಲ್ಲ ಎಂಬುದನ್ನು ಒಪ್ಪಿಕೊಳ್ಳೋಣ. ದೊಡ್ಡ ಲಾಭ ಬೇರೆ ಕಡೆ ಇದೆ. ಐದು ಜನರ ಮನೆಗೆ ವರ್ಷಕ್ಕೆ 40–50 ಕಿಲೋ ಬೇಳೆ ಬೇಕು. ಅಷ್ಟು ಬೇಳೆ ಮಾಡಿನಲ್ಲಿದ್ದರೆ ಆಗಸ್ಟ್‌ನ ಉದ್ರಿ ಖಾತೆಯಲ್ಲಿ ಒಂದು ಸಾಲು ಕಡಿಮೆ. ಉದ್ರಿ ಗಿರಾಕಿಗೆ ದರ ಕೇಳುವ ಬಾಯಿ ಇರುವುದಿಲ್ಲ, ಬೇರೆ ಅಂಗಡಿಗೆ ಹೋಗುವ ಕಾಲೂ ಇರುವುದಿಲ್ಲ. ಕಿರಾಣಿಯವರು ಕೆಟ್ಟವರು ಅಂತ ಇದರ ಅರ್ಥ ಅಲ್ಲ. ಆರು ತಿಂಗಳು ಕಾಯುವವನು ಕಾಯುವುದಕ್ಕೆ ಏನಾದರೂ ತಗೊಂಡೇ ತಗೊಳ್ಳುತ್ತಾನೆ.

ನಮ್ಮ ಹಿರಿಯರು ಇದನ್ನು ಬಲ್ಲವರು. ವರ್ಷದ ಜೋಳ, ವರ್ಷದ ಖಾರ, ವರ್ಷದ ಬೇಳೆ ಎಂಬ ಮಾತು ಇನ್ನೂ ನಮ್ಮ ಮನೆಗಳಲ್ಲಿ ಇದೆ. ಬೇಸಿಗೆಯಲ್ಲಿ ತೊಗರಿಗೆ ಎಣ್ಣೆ ಸವರಿ ಬಿಸಿಲಿಗೆ ಹಾಕಿ ಒಡೆಯುವುದಕ್ಕೆ ಕಾರಣವೂ ಇತ್ತು. ಇಡೀ ಕಾಳಿಗೆ ಹುಳ ಬೀಳುವಷ್ಟು ಬೇಗ ಒಡೆದ ಬೇಳೆಗೆ ಬೀಳುವುದಿಲ್ಲ. ನಗರದಲ್ಲಿ ಇರುವ ನಮ್ಮಂಥವರೂ ಕಣ್ಣಿ ಮಾರ್ಕೆಟ್ಟಿನಿಂದ ವಾರದ ಕಾಯಿಪಲ್ಯ ತರುತ್ತೇವೆ, ಜೋಳವನ್ನು ಮಾತ್ರ ಸುಗ್ಗಿಯಲ್ಲಿ ಒಟ್ಟಿಗೆ ತಂದು ಬೇವಿನ ಎಲೆ ಹಾಕಿ ತುಂಬಿ ಇಡುತ್ತೇವೆ. ಇದನ್ನು ಹಳೇ ಕಾಲದವರ ಚಟ ಅಂತ ನಗುವವರಿದ್ದಾರೆ. ಒಮ್ಮೆಲೇ ಬಂದ ಹಣ ಕಾಳಾಗಿ ಕೂತರೆ ಅದನ್ನು ಯಾರೂ ಕೈಸಾಲ ಕೇಳುವುದಿಲ್ಲ, ಬೈಕಿನ ಅಂಗಡಿಯವರೂ ಬಾಯಿ ಹಾಕುವುದಿಲ್ಲ.

ತೊಗರಿಯನ್ನು ಮಾರದೆ ಜೂನ್‌ವರೆಗೆ ಹಿಡಿದಿಟ್ಟರೆ ದರ ಏರುತ್ತದಲ್ಲ ಎಂಬ ಲೆಕ್ಕ ಮಾತ್ರ ಬೇರೆ. 2024ರಲ್ಲಿ ಕ್ವಿಂಟಲ್ 10 ಸಾವಿರ ದಾಟಿತ್ತು. ಅದನ್ನು ನಂಬಿ ಕಾದವರಿಗೆ 2025ರ ಆರಂಭ ಬೇರೆಯೇ ಪಾಠ ಹೇಳಿತು, ದರ ಆಗಿನ 7,550ರ ಬೆಂಬಲ ಬೆಲೆಯ ಆಜುಬಾಜಿಗೆ ಜಾರಿತು. ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ಸುಂಕವಿಲ್ಲದೆ ತೊಗರಿ ಬರುತ್ತಿರುವಾಗ ನಮ್ಮೂರ ಚೀಲದ ಬೆಲೆ ನಮ್ಮೂರಲ್ಲಿ ನಿರ್ಧಾರವಾಗುವುದಿಲ್ಲ. ದರದ ಜೂಜಿಗಾಗಿ ಚೀಲ ಇಡುವುದು ಒಂದು, ಜೂನ್‌ನ ಖರ್ಚಿಗಾಗಿ ಇಡುವುದು ಇನ್ನೊಂದು. ನಾನು ಎರಡನೆಯದರ ಪರ.

ಜೂನ್ ಎಂದರೆ ನಮ್ಮ ಭಾಗದ ಅತ್ಯಂತ ಇಕ್ಕಟ್ಟಿನ ತಿಂಗಳು. ಬೀಜ ಗೊಬ್ಬರ, ಸಾಲಿ ಫೀಸು, ಯೂನಿಫಾರ್ಮು, ನೋಟ್‌ಬುಕ್ಕು ಎಲ್ಲವೂ ಒಂದೇ ಹದಿನೈದು ದಿನದಲ್ಲಿ ಬಾಗಿಲು ಬಡಿಯುತ್ತವೆ. ಆಗಲೇ ಮನೆಯ ನಿಜವಾದ ಜಾಣತನ ಪರೀಕ್ಷೆಗೆ ಬೀಳುವುದು, ಏಕೆಂದರೆ ಸಾಲ ಬೇಕೇಬೇಕು. ಸಾಲ ಮಾಡಬೇಡಿ ಎಂದು ಉಪದೇಶ ಮಾಡುವವರಿಗೆ ಮಳೆಯಾಶ್ರಿತ ಒಕ್ಕಲುತನ ಗೊತ್ತಿಲ್ಲ. ಪ್ರಶ್ನೆ ಯಾವ ಸಾಲ ಎಂಬುದು.

ಜೂನ್‌ನಲ್ಲಿ 30 ಸಾವಿರ ತಗೊಂಡು ಜನವರಿಯಲ್ಲಿ ತೀರಿಸುತ್ತೇವೆ ಅನ್ನಿ, ಏಳು ತಿಂಗಳು. ಸಹಕಾರ ಸಂಘದ ಬೆಳೆ ಸಾಲವಾದರೆ ರಾಜ್ಯದಲ್ಲಿ 5 ಲಕ್ಷದವರೆಗೆ ಬಡ್ಡಿಯೇ ಇಲ್ಲ, ಅವಧಿಗೆ ಸರಿಯಾಗಿ ಕಟ್ಟಬೇಕು ಅಷ್ಟೆ. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ಆದರೆ 3 ಲಕ್ಷದವರೆಗೆ, ವೇಳೆಗೆ ಕಟ್ಟಿದವರಿಗೆ ವರ್ಷಕ್ಕೆ ಶೇಕಡಾ 4. ಬಂಗಾರ ಅಡ ಇಟ್ಟು ವರ್ಷಕ್ಕೆ 10ರ ದರದಲ್ಲಿ ತಂದರೆ ಏಳು ತಿಂಗಳಿಗೆ 1,750 ರೂಪಾಯಿ. ಊರಲ್ಲಿ ಮೂರು ರೂಪಾಯಿ ಬಡ್ಡಿಗೆ ತಂದರೆ 6,300. "ನೂರಕ್ಕ ಮೂರೇ ರೂಪಾಯಿ" ಎಂಬ ಮಾತಿನ ಮೋಸ ಇಲ್ಲಿದೆ. ಬ್ಯಾಂಕು ವರ್ಷದ ಲೆಕ್ಕ ಹೇಳುತ್ತದೆ, ಊರು ತಿಂಗಳ ಲೆಕ್ಕ ಹೇಳುತ್ತದೆ. ಮೂರು ಕೇಳಿದರೆ ಹತ್ತಕ್ಕಿಂತ ಸಣ್ಣದು ಅನ್ನಿಸುತ್ತದೆ, ಆದರೆ ಅದು 36.

ಹೀಗೇ ಮೋಸ ಮಾಡುವ ಇನ್ನೊಂದು ಪದ ಫ್ಲ್ಯಾಟ್ ಬಡ್ಡಿ. 50 ಸಾವಿರ ಸಾಲ, ಶೇಕಡಾ 12 ಫ್ಲ್ಯಾಟ್, ಎರಡು ವರ್ಷ. ಬಡ್ಡಿ 12 ಸಾವಿರ, ಒಟ್ಟು 62 ಸಾವಿರ, ತಿಂಗಳಿಗೆ 2,583. ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 50 ಸಾವಿರದ ಮೇಲೇ ಬೀಳುತ್ತಿರುತ್ತದೆ. ಉಳಿದ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಇದು ಶೇಕಡಾ 21ರಿಂದ 22ರ ಸಾಲ. ಗುಣಾಕಾರ ಬಾರದಿದ್ದರೂ ಚಿಂತೆಯಿಲ್ಲ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲ ಕೊಡುವ ಮೊದಲು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಎಂಬ ಒಂದು ಹಾಳೆ ಕೊಡಲೇಬೇಕು. ಎಲ್ಲ ಫೀ ಸೇರಿಸಿದ ನಿಜವಾದ ವಾರ್ಷಿಕ ದರ ಅದರಲ್ಲಿ "ಎಪಿಆರ್" ಎಂದು ಇರುತ್ತದೆ. ಅದರಲ್ಲಿ ಇಲ್ಲದ ಖರ್ಚನ್ನು ಆಮೇಲೆ ನಿಮ್ಮ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಕೇಳಿದರೆ ಕೊಡುತ್ತಾರೆ. ಕೇಳುವವರು ಕಡಿಮೆ.

ದರಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ, ಕಂತು ಯಾವಾಗ ಶುರುವಾಗುತ್ತದೆ ಎಂಬುದು. ವಾರದ ಕಂತಿನ ಸಾಲ ದಿನಾ ಕೈಗೆ ಚಿಲ್ಲರೆ ಬರುವವರಿಗೆ ಹೊಲಿದ ಅಂಗಿ. ಹಾಲು ಮಾರುವಾಕೆ, ಬಂಡಿ ಮೇಲೆ ಮಿರ್ಚಿ ಭಜಿ ಹಾಕುವಾತ, ಟೇಲರ್, ಇವರಿಗೆ ಅದು ಒಪ್ಪುತ್ತದೆ. ತೊಗರಿಯ ಮನೆಗೆ ಅದೇ ಅಂಗಿ ತೊಡಿಸಿದರೆ ಹರಿಯುತ್ತದೆ. ಜೂನ್‌ನಲ್ಲಿ ಸಾಲ ತಂದು ಬೀಜಕ್ಕೆ ಹಾಕಿದ್ದಾಗಿದೆ, ಮುಂದಿನ ವಾರವೇ ಕಂತು. ಹೊಲದಲ್ಲಿ ಮೊಳಕೆ ಒಡೆಯುವ ಮೊದಲೇ ಏಜೆಂಟ್ ಬಾಗಿಲಲ್ಲಿ. ಆ ಕಂತು ಕಟ್ಟಲು ಇನ್ನೊಂದು ಕಂಪನಿಯ ಸಾಲ, ಅದನ್ನು ಕಟ್ಟಲು ಮೂರನೆಯದು. ಕುಡಿತ, ಇಸ್ಪೀಟು ಎಂದು ಬೈಯುವ ಮೊದಲು ಈ ಹೊಂದಾಣಿಕೆ ಇಲ್ಲದ ತಾರೀಖುಗಳನ್ನು ನೋಡಬೇಕು.

ರಿಸರ್ವ್ ಬ್ಯಾಂಕಿನ 2022ರ ಮೈಕ್ರೋಫೈನಾನ್ಸ್ ನಿಯಮದ ಪ್ರಕಾರ ವಾರ್ಷಿಕ 3 ಲಕ್ಷದವರೆಗಿನ ಆದಾಯದ ಮನೆಗೆ ಕೊಡುವ ಈ ಸಾಲಕ್ಕೆ ಅಡ ಇಡಿಸಿಕೊಳ್ಳುವಂತಿಲ್ಲ, ಮೊದಲೇ ತೀರಿಸಿದರೆ ದಂಡವಿಲ್ಲ, ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ. ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು ಎಂದೂ ಇದೆ. ಒಳ್ಳೆಯ ನಿಯಮ. ಆದರೆ ಆ "ತಿಂಗಳ ಆದಾಯ" ವರ್ಷದ್ದನ್ನು ಹನ್ನೆರಡರಿಂದ ಭಾಗಿಸಿದ ಸಂಖ್ಯೆ. ಕಾಗದದ ಮೇಲೆ ಆಗಸ್ಟ್‌ನಲ್ಲೂ 7,500 ಇರುತ್ತದೆ, ಡಬ್ಬಿಯಲ್ಲಿ ಇರುವುದಿಲ್ಲ. ಕಿರುಕುಳದ ವಸೂಲಿ ಮಿತಿಮೀರಿ 2025ರ ಫೆಬ್ರವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆ ತಂದಿತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಬಾಗಿಲಲ್ಲಿ ಕೂಗಾಡುವುದನ್ನು ತಡೆಯಲೆಂದು ತಂದದ್ದು ಅದು. ತಾರೀಖು ಹೊಂದದ ಕಂತಿಗೆ ಅದರಲ್ಲಿ ಮದ್ದಿಲ್ಲ.

ಇಲ್ಲಿ ನಮ್ಮ ಮಾತಿನ ಗೊಂದಲವೂ ಸೇರಿಕೊಂಡಿದೆ. ಕಂಪನಿಯ ವಾರದ ಸಾಲಕ್ಕೂ "ಸಂಘದ ರೊಕ್ಕ" ಅನ್ನುತ್ತೇವೆ, ಹೆಂಗಸರೇ ಕೂಡಿ ಉಳಿತಾಯ ಮಾಡುವ ಸ್ವಸಹಾಯ ಗುಂಪಿಗೂ ಸಂಘ ಅನ್ನುತ್ತೇವೆ. ಬೀದರ್ ಜಿಲ್ಲಾ ಸಹಕಾರ ಬ್ಯಾಂಕು ಅದರ ಅಧ್ಯಕ್ಷರಾಗಿದ್ದ ಗುರುಪಾದಪ್ಪ ನಾಗಮಾರಪಳ್ಳಿಯವರ ಕಾಲದಲ್ಲಿ ಹೆಸರು ಮಾಡಿದ್ದು ಎರಡನೆಯ ಬಗೆಯ ಸಂಘದಿಂದ. ಅಲ್ಲಿ ದುಡ್ಡು ಸದಸ್ಯರದ್ದು, ಯಾರಿಗೆ ಯಾವಾಗ ಎಷ್ಟು ಎಂಬ ತೀರ್ಮಾನ ಸದಸ್ಯರದ್ದು, ರಾಶಿ ಆದಮೇಲೆ ಕೊಡುತ್ತೇನೆ ಅಂದರೆ ಅರ್ಥವಾಗುವುದೂ ಅವರಿಗೇ. ಹೆಸರು ಒಂದಾದ ಮಾತ್ರಕ್ಕೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೈಸೂರಿನಲ್ಲಿ 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಈ ಚಿತ್ರವನ್ನು ಸ್ವಲ್ಪ ಬದಲಿಸಿದೆ. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ತಿಂಗಳ ಲೆಕ್ಕದಲ್ಲಿ ತಮ್ಮದೇ ಖಾತೆಗೆ ಬಂದ ಮೊದಲ ಹಣ ಅದು. ವರ್ಷಕ್ಕೆ 24 ಸಾವಿರ, ನಾವು ಮೇಲೆ ಲೆಕ್ಕ ಹಾಕಿದ ಮನೆಯ ಉಳಿಕೆಯ ಕಾಲು ಭಾಗಕ್ಕಿಂತ ಹೆಚ್ಚು. ಪಗಾರದ ರೂಪದ ದುಡ್ಡು ಕಂಡ ಕೂಡಲೇ ಕಂತು ಕೊಡುವವರೂ ಬಂದರು: "ಹೆಂಗೂ ಎರಡ್ ಸಾವಿರ ಬರ್ತಾದಲ್ಲಕ್ಕಾ." ಬರುತ್ತದೆ, ಆದರೆ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ, ಎರಡು ಮೂರು ಕಂತು ಒಟ್ಟಿಗೆ. ಸರ್ಕಾರದ ಜಮಾ ತಡವಾದರೆ ಯಾರೂ ದಂಡ ಕೊಡುವುದಿಲ್ಲ, ನಿಮ್ಮ ಇಎಂಐ ಒಂದು ದಿನ ತಡವಾದರೆ ಬೌನ್ಸ್ ಚಾರ್ಜ್ ಬೀಳುತ್ತದೆ. ಅದರ ಮೇಲೆ ಕಂತು ಕಟ್ಟುವುದಕ್ಕಿಂತ, ತಡವಾಗಿ ಒಟ್ಟಿಗೆ ಬಂದಾಗ ಅದನ್ನೇ ಜೂನ್‌ಗೆ ಕಾಯ್ದಿಡುವುದು ಮೇಲು.

ಆ ಖಾತೆಯಲ್ಲಿ ಮೇ ಕೊನೆಗೆ 456 ರೂಪಾಯಿ ಇರಬೇಕು ಎಂಬುದೊಂದು ಸಣ್ಣ ಮಾತು. ಪ್ರಧಾನಮಂತ್ರಿ ಜೀವನ ಜ್ಯೋತಿಗೆ 436, ಸುರಕ್ಷಾ ಬಿಮಾಕ್ಕೆ 20, ಎರಡರಲ್ಲೂ 2 ಲಕ್ಷದ ವಿಮೆ. ವಿಮೆಯ ವರ್ಷ ಜೂನ್ 1ಕ್ಕೆ ಹೊಸದಾಗುತ್ತದೆ, ಹಣ ತಾನಾಗಿ ಕಡಿತವಾಗುವುದು ಮೇ ಕೊನೆಯಲ್ಲಿ, ಅಂದರೆ ಮದುವೆ ಸೀಜನ್ ಮುಗಿದು ನಮ್ಮ ಖಾತೆ ಬರಿದಾಗಿರುವ ಹೊತ್ತಿಗೆ. ಬೆಳೆ ವಿಮೆಗೂ ಇದೇ ಮಾತು, ಮುಂಗಾರಿಗೆ ರೈತನ ಪಾಲು ವಿಮೆ ಮೊತ್ತದ ಶೇಕಡಾ 2. ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆಯೊಳಗೆ ತಿಳಿಸಬೇಕು. 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿದಾಗ ಈ ಮೂರು ದಿನದ ಬೆಲೆ ಅಫಜಲಪುರದವರಿಗೂ ಯಾದಗಿರಿಯವರಿಗೂ ಗೊತ್ತಾಯಿತು.

ಬೇಸಿಗೆಯ ಕರೆಂಟು ಬಿಲ್ಲಿಗೂ ಇಂಥದ್ದೇ ಒಂದು ಏಟು ಇದೆ. ಗೃಹಜ್ಯೋತಿಗೆ ಚಾಲನೆ ಸಿಕ್ಕಿದ್ದೇ ಕಲಬುರಗಿಯಲ್ಲಿ, 2023ರ ಆಗಸ್ಟ್ 5ರಂದು. "200 ಯೂನಿಟ್ ಫ್ರೀ" ಎಂದು ನೆನಪಿಟ್ಟುಕೊಂಡವರೇ ಹೆಚ್ಚು. ತೀರಾ ಕಡಿಮೆ ಕರೆಂಟು ಬಳಸುವ ಮನೆಗಳನ್ನು ಬಿಟ್ಟರೆ, ಉಚಿತ ಸಿಗುವುದು ನಿಮ್ಮ ಮನೆಯ 2022–23ರ ಸರಾಸರಿ ಮತ್ತು ಅದರ ಮೇಲೆ ಶೇಕಡಾ 10. ಸರಾಸರಿ 100 ಇದ್ದರೆ 110 ಉಚಿತ. 170 ಸುಟ್ಟರೆ ಮೇಲಿನ 60ಕ್ಕೆ ದುಡ್ಡು. 200 ದಾಟಿತೋ, ಒಂದೇ ಯೂನಿಟ್ ದಾಟಿದರೂ ಪೂರ್ತಿ ಬಿಲ್ಲು ನಿಮ್ಮದೇ, ಎಲ್ಲ ಸೇರಿ 1,200 ರೂಪಾಯಿ ದಾಟುತ್ತದೆ. 42–43 ಡಿಗ್ರಿ ಬಿಸಿಲಿನಲ್ಲಿ 200 ವ್ಯಾಟಿನ ಕೂಲರ್ ದಿನಕ್ಕೆ 12 ತಾಸು ಓಡಿದರೆ ತಿಂಗಳಿಗೆ 72 ಯೂನಿಟ್. 75 ವ್ಯಾಟಿನ ಹಳೇ ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು 15 ತಾಸು ತಿರುಗಿದರೆ ತಿಂಗಳಿಗೆ 20 ಯೂನಿಟ್ ಉಳಿತಾಯ. ಮೂರು ಫ್ಯಾನು ಬದಲಿಸಿದರೆ ಕೂಲರಿನ ಬಹುಪಾಲು ಅಲ್ಲೇ ಸರಿಹೋಗುತ್ತದೆ. ಆದರೆ ವರ್ಷವಿಡೀ ಉಚಿತ ಮಿತಿಯೊಳಗೇ ಇರುವ ಮನೆಗೆ ಆ ದುಬಾರಿ ಫ್ಯಾನಿನಿಂದ ಬಿಲ್ಲಿನಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಕೊಳ್ಳುವ ಮೊದಲು ಹೋದ ಏಪ್ರಿಲ್, ಮೇ ತಿಂಗಳ ಬಿಲ್ಲು ತೆಗೆದು ನೋಡಿ.

ಬಂಗಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 10 ಗ್ರಾಂ ಲಕ್ಷ ದಾಟಿದ ಮೇಲೆ ಹೇಳುವುದಕ್ಕೂ ಕೊಳ್ಳುವುದಕ್ಕೂ ಧೈರ್ಯ ಬೇಕು. ಕೊಂಡರೆ ಆರು ಅಕ್ಷರ ಅಂಕಿಗಳ ಎಚ್‌ಯುಐಡಿ (ಹಾಲ್‌ಮಾರ್ಕ್ ಗುರುತಿನ ಸಂಖ್ಯೆ) ಇರಲಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿ ನೋಡಿ. ಕಷ್ಟಕ್ಕೆ ಅಡ ಇಡುವ ಉದ್ದೇಶವಿದ್ದರೆ ಮಜೂರಿ ಕಡಿಮೆ ಇರುವ ಸಾದಾ ಬಳೆಯೇ ಮೇಲು, ಏಕೆಂದರೆ ಸಾಲ ಕೊಡುವವರು ನಕ್ಷಿ ಕೆಲಸಕ್ಕೆ ಬೆಲೆ ಕಟ್ಟುವುದಿಲ್ಲ.

ಇಷ್ಟೆಲ್ಲ ಲೆಕ್ಕ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ನಾವು ಗಂಡಸರು ಸಾಮಾನ್ಯವಾಗಿ ದಾಟಿಸಿಬಿಡುತ್ತೇವೆ. ಗಂಜಿನ ಪಟ್ಟಿ ಬರುವುದು ಗಂಡನ ಹೆಸರಿಗೆ. ಜನವರಿಯ ದುಡ್ಡು ಅವನದು. ಜೋಳ, ಎಣ್ಣೆ, ಮಕ್ಕಳ ಜ್ವರ, ಸಾಲಿಯ ಫೀಸು, ಪಂಚಮಿಯ ಉಂಡಿ, ಹೀಗೆ ಹನ್ನೆರಡು ತಿಂಗಳ ಖರ್ಚು ಹೆಂಡತಿಯದು. ವರ್ಷದ ದುಡ್ಡು ಒಬ್ಬರ ಕೈಯಲ್ಲಿ, ತಿಂಗಳ ಖರ್ಚು ಇನ್ನೊಬ್ಬರ ತಲೆಯ ಮೇಲೆ. ವಾರದ ಕಂತಿನ ಸಾಲ ಹೆಂಗಸರ ಹೆಸರಲ್ಲೇ ಏಕೆ ಇರುತ್ತದೆ ಎಂಬುದಕ್ಕೆ ಕಂಪನಿಗಳ ನೀತಿ ಒಂದು ಕಾರಣ, ಖಾಲಿ ಡಬ್ಬಿ ಮೊದಲು ನೋಡುವವಳು ಅವಳು ಎಂಬುದು ಇನ್ನೊಂದು.

ಎರಡು ವರ್ಷದ ಹಿಂದೆ ನಮ್ಮ ವೈನಿ (ಅಣ್ಣನ ಹೆಂಡತಿ) ಹಟ ಹಿಡಿದು ನಾಲ್ಕು ಚೀಲ ತೊಗರಿ ಮನೆಯಲ್ಲಿ ಉಳಿಸಿಕೊಂಡರು. ಎರಡನ್ನು ಏಪ್ರಿಲ್‌ನಲ್ಲಿ ಬೇಳೆ ಮಾಡಿಸಿದರು. ಒಂದನ್ನು ಜೂನ್‌ನಲ್ಲಿ ಮಾರಿ ಸಾಲಿ ಫೀಸು ಕಟ್ಟಿದರು. ನಾಲ್ಕನೆಯದಕ್ಕೆ ಹುಳ ಬಿತ್ತು, ಅಣ್ಣ ಅದನ್ನು ಇವತ್ತಿಗೂ ಎತ್ತಿ ಆಡುತ್ತಾನೆ. ಮರುವರ್ಷ ಅವನ ಮಾತೇ ನಡೆದು ಅಷ್ಟೂ ಗಂಜಿಗೆ ಹೋಯಿತು. ಈ ಸಲ ಎಳ್ಳಮಾವಾಸ್ಯೆಗೆ ಹೊಲದಲ್ಲಿ ನೈವೇದ್ಯದ ಚರಗ ಚೆಲ್ಲಿ ಭಜ್ಜಿ, ಸಜ್ಜಿ ರೊಟ್ಟಿ ಮುಂದಿಟ್ಟುಕೊಂಡು ಕೂತಾಗ ಅದೇ ವಾದ ಮತ್ತೆ ಶುರುವಾಯಿತು.

"ಈ ಸರ್ತಿ ಎರಡ್ ಚೀಲ ಸಾಕು. ನಾಕು ಇಟ್ರ ಹುಳಕ್ಕ ಇಟ್ಟಂಗ" ಅಂದ ಅಣ್ಣ.

ವೈನಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಹೋದ ಜೂನ್ದಾಗ ಸಾಲಿ ಫೀಸಿಗಿ ಯಾರ ಮನಿಗಿ ಹೋಗಿದ್ರಿ, ಎಷ್ಟ್ ಬಡ್ಡಿಗಿ ತಂದ್ರಿ, ತಮ್ಮನ ಮುಂದ ಹೇಳ್ರಿ ನೋಡಮ್."

ಅಣ್ಣ ನನ್ನ ಕಡೆ ನೋಡಿದ. ನಾನು ಭಜ್ಜಿ ಹಾಕಿಸಿಕೊಂಡೆ.